ಅಪ್ಪನ ಲೆನ್ಸಿಗೆ ಅತ್ತೆಯ ಬೆಣ್ಣೆ

"ಶುಕ್ರವಾರದೊಳಗೆ ಅಪ್ಪನ ಲೆನ್ಸನ್ನು ನಾನೇ ರಿಪೇರಿ ಮಾಡದಿದ್ದರೆ ನನ್ನ ಹೆಸರು ಬುರಾಮಾ ತ್ರಾವೊರೆಯೇ ಅಲ್ಲ!" ಎಂದು ಸೆಗು ಪಟ್ಟಣದ ನನ್ನ ಸ್ಟುಡಿಯೋದಲ್ಲಿ ಎದೆ ತಟ್ಟಿ ಘೋಷಿಸಿದೆ.

ಕಾರಣ ಸಣ್ಣದಲ್ಲ. ನನ್ನ ಮದುವೆಯಾಗಿ ಹನ್ನೆರಡು ವರ್ಷವಾದರೂ ಕ್ಯಾಮೆರಾದ ಮುಂದೆ ಕೂರಲು ಒಪ್ಪದ ಅತ್ತೆ ನ್ಯಾಗಲೆ, ಈ ಶುಕ್ರವಾರ ಬರುತ್ತೇನೆಂದು ಹೇಳಿ ಕಳಿಸಿದ್ದರು! ಊರಿಗೆಲ್ಲ ಫೋಟೋ ತೆಗೆಯುವವನ ಗೋಡೆಯ ಮೇಲೆ ಸ್ವಂತ ಅತ್ತೆಯ ಫೋಟೋ ಇಲ್ಲವೆಂದರೆ ಜನ ಏನೆಂದುಕೊಂಡಾರು? ಅಪ್ಪ ಬಿಟ್ಟುಹೋದ ಜರ್ಮನ್ ಲೆನ್ಸಿನಲ್ಲೇ ತೆಗೆಯಬೇಕೆಂಬುದು ನನ್ನ ಆಸೆ. ಆದರೆ ಅದರೊಳಗಿನ ಗ್ರೀಸ್ ಐವತ್ತು ವರ್ಷಕ್ಕೆ ಒಣಗಿ ಗೋಂದಾಗಿ, ಫೋಕಸ್ ಮಾಡುವ ಬಳೆ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

"ಬಮಾಕೊದಿಂದ ಸರಿಯಾದ ಗ್ರೀಸ್ ತರಿಸ್ರೀ," ಎಂದಳು ಹೆಂಡತಿ ಸಿತಾನ್.

"ಅದು ಬಸ್ಸಲ್ಲಿ ಬರೋದು ಸೋಮವಾರ. ಅಷ್ಟರಲ್ಲಿ ನಿಮ್ಮಮ್ಮ ಮನಸ್ಸು ಬದಲಾಯಿಸಿದ್ರೆ?"

"ಹಾಗಾದ್ರೆ ಬೇರೆ ಲೆನ್ಸಲ್ಲಿ ತೆಗೀರಿ. ಅಲಸಂದೆ ತಿನ್ನೋ ತ್ರಾವೊರೆಗಳಿಗೆ ಹೊಟ್ಟೆ ತುಂಬ ಗಾಳಿ, ತಲೆ ತುಂಬ ಹಠ!"

ಅವಳು ಜಾರಾ ಮನೆತನದವಳು. ತ್ರಾವೊರೆಗಳೂ ಜಾರಾಗಳೂ ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹಂಗಿಸಬಹುದು, ಕೋಪ ಮಾತ್ರ ಮಾಡಿಕೊಳ್ಳುವಂತಿಲ್ಲ. ಈ ಕಟ್ಟಳೆ ಮಾಡಿದ ಹಿರಿಯರು ನನ್ನ ಸಂಸಾರದ ಬಗ್ಗೆ ಯೋಚಿಸಲೇ ಇಲ್ಲ.

ಮೊದಲು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಅದು ಬಳೆಯಲ್ಲಿ ನಿಲ್ಲದೆ ಒಳಗೆ ಹರಿದು, ಬೆಳಕಿನ ಕಿಂಡಿಯನ್ನು ತೆರೆದು ಮುಚ್ಚುವ ತಗಡಿನ ಎಸಳುಗಳನ್ನೆಲ್ಲ ಅಂಟಿಸಿಬಿಟ್ಟಿತು. ಬಿಚ್ಚಿ ಒರೆಸಿದೆ. ಆಮೇಲೆ ಮೋಟಾರ್ ಸೈಕಲ್ ಗ್ರೀಸ್ ಮೆತ್ತಿದೆ. ಬಳೆ ತಿರುಗಿಸಿದರೆ ಇಡೀ ಕ್ಯಾಮೆರಾವೇ ತಿರುಗಿತು! ಮತ್ತೆ ಬಿಚ್ಚಿದೆ. ನಾನೇನು ಬಿಡುವ ಆಸಾಮಿಯೇ? ಶುಕ್ರವಾರ ಬೆಳಗಿನ ತಂಪಿನಲ್ಲಿ ಸಿತಾನ್ ಮೊಣಕೈಗೆ ಶಿಯಾ ಬೀಜದ ಬೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅತ್ತೆಯೇ ಕಾಯಿಸಿ, ಸೋಸಿ, ಸಂತೆಯಲ್ಲಿ ಮಾರುವ ಬೆಣ್ಣೆ. ತೆಳುವೂ ಅಲ್ಲ, ಗಟ್ಟಿಯೂ ಅಲ್ಲ! ನನಗೆ ಜ್ಞಾನೋದಯವಾಯಿತು. ಡಬ್ಬಿ ಕಸಿದುಕೊಂಡೆ.

"ಅದು ಮೈಗೆ ಹಚ್ಚೋದು ಕಣ್ರೀ!"

"ಲೆನ್ಸಿಗೂ ಮೈ ಇದೆ ಕಣೇ!"

ಬಳೆ ಎಷ್ಟು ನಯವಾಗಿ ತಿರುಗಿತೆಂದರೆ, ಅಪ್ಪ ಬದುಕಿದ್ದರೆ ಸ್ಟುಡಿಯೋವನ್ನು ಇನ್ನೊಮ್ಮೆ ನನ್ನ ಹೆಸರಿಗೆ ಬರೆಯುತ್ತಿದ್ದರು.

ಮಧ್ಯಾಹ್ನ ಅತ್ತೆ ಗಂಜಿ ಹಾಕಿದ ನೀಲಿ ನಿಲುವಂಗಿ ತೊಟ್ಟು ರಾಣಿಯಂತೆ ಕುಳಿತರು. ಹೊರಗೆ ಸುಡುಬಿಸಿಲು, ಒಳಗೆ ಎರಡು ದೊಡ್ಡ ದೀಪ. ಫೋಕಸ್ ಮಾಡಿ ಕ್ಯಾಮೆರಾ ಕೊಂಚ ಬಗ್ಗಿಸಿದ್ದೇ ತಡ, ಲೆನ್ಸು ತಾನಾಗಿಯೇ ಜಾರಿ ಮುಂದೆ ಬಂತು. ಹಿಂದಕ್ಕೆ ತಳ್ಳಿದೆ. ಮತ್ತೆ ಜಾರಿತು. ತೊಟಕ್ಕೆಂದು ಒಂದು ಹನಿ ನನ್ನ ಪಾದದ ಮೇಲೆ ಬಿತ್ತು.

ಅತ್ತೆ ಮೂಗರಳಿಸಿದರು. "ಏನೋ ಗೊತ್ತಿರೋ ವಾಸನೆ ಬರ್ತಿದೆಯಲ್ಲ, ಅಳಿಯಂದ್ರೇ?"

"ಅದು... ಹೊಸ ವಿಧಾನ, ಅತ್ತೆ! ಅಲ್ಲಾಡಬೇಡಿ!"

ಒಂದು ಕೈಯಲ್ಲಿ ಬಳೆ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿಯೇಬಿಟ್ಟೆ. ಹನ್ನೆರಡು ವರ್ಷದ ಮೇಲೆ ಸಿಕ್ಕ ಅತ್ತೆಯನ್ನು ಬಿಡುವುದುಂಟೇ!

ಅವರು ಮೂರನೇ ಲೋಟ ಚಹಾ ಮುಗಿಸುವಷ್ಟರಲ್ಲಿ ಫೋಟೋ ತೊಳೆದೆ. ಅಯ್ಯೋ! ಬೆಣ್ಣೆ ಕರಗಿ ಗಾಜಿಗೆಲ್ಲ ಹರಡಿ, ಅತ್ತೆಯ ಮುಖ ಧೂಳಿನಾಚೆಯ ಚಂದ್ರನಂತೆ ಮಬ್ಬಾಗಿತ್ತು. ಹರಿದೆಸೆಯೋಣವೆಂದರೆ ಸಿತಾನ್ ಆಗಲೇ ಕಿತ್ತುಕೊಂಡು ತಾಯಿಯ ಕೈಗಿತ್ತಿದ್ದಳು. ತಲೆ ತಗ್ಗಿಸಿ ಒಪ್ಪಿಕೊಂಡೆ. "ಲೆನ್ಸಿಗೆ ನಿಮ್ಮ ಬೆಣ್ಣೆ ಹಚ್ಚಿದ್ದೆ, ಅತ್ತೆ. ತಪ್ಪಾಯ್ತು."

ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. ಒಂದೇ ಒಂದು ಸುಕ್ಕು ಕಾಣುತ್ತಿರಲಿಲ್ಲ.

"ನನ್ನ ಬೆಣ್ಣೆ ಹಚ್ಚಿದ್ರೆ ಮೂವತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ ಅಂತ ಸಂತೇಲಿ ಬಾಯಿ ಬಡ್ಕೊಂಡ್ರೂ ಒಬ್ಬರೂ ನಂಬ್ತಿರಲಿಲ್ಲ. ಇಗೋ ಸಾಕ್ಷಿ!"

ಆ ಫೋಟೋ ನನ್ನ ಗೋಡೆಗೆ ಬರಲಿಲ್ಲ. ಅವರ ಬೆಣ್ಣೆ ಅಂಗಡಿಯಲ್ಲಿ, ನನ್ನ ಸ್ಟುಡಿಯೋದ ಮುದ್ರೆ ಸಮೇತ ತೂಗುತ್ತಿದೆ. ಆದರೆ ನಾನು ಸೋಲುವವನೇ? ಸಿತಾನ್ ಗುಟ್ಟಾಗಿ ತರಿಸಿದ್ದ ಸರಿಯಾದ ಗ್ರೀಸ್ ಸೋಮವಾರ ಬಂತು. ಲೆನ್ಸನ್ನು ತಿಕ್ಕಿ ತೊಳೆದು, ಗ್ರೀಸ್ ಹಚ್ಚಿ, ಅತ್ತೆಯನ್ನು ಕಾಡಿ ಬೇಡಿ ಕರೆತಂದು ಇನ್ನೊಂದು ಫೋಟೋ ತೆಗೆದೆ. ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ! ಹೆಮ್ಮೆಯಿಂದ ಮುಂದೆ ಹಿಡಿದೆ.

ಅತ್ತೆ ಒಂದೇ ನೋಟ ನೋಡಿ ಅದನ್ನು ಮಗಳಿಗೆ ದಾಟಿಸಿದರು.

"ಯಾರೇ ಈ ಮುದುಕಿ? ಪಾಪ, ಒಂದು ಡಬ್ಬಿ ಬೆಣ್ಣೆ ಕೊಟ್ಟು ಕಳಿಸು!"