ಸಂಜೆವರೆಗೆ ಸಾಯಬೇಡ ತಾತ

ತಾತ ಚಾವೋಬಾನ ಉಸಿರು ಬೆಳಿಗ್ಗೆ ಆರಕ್ಕೆ ಏರುಪೇರಾಯಿತು. ಮೊಮ್ಮಗ ಗೌರಮಣಿಯ ಎದೆಬಡಿತ ಅದಕ್ಕೂ ಮುಂಚೆ.

ಕಾರಣ ಪ್ರೀತಿಯಲ್ಲ, ಚೈಬಿ ಎಂಬ ಕೋಲುಕಾಳಗ. ತೊಗಲು ಸುತ್ತಿದ ಕೋಲು, ತೊಗಲಿನ ಗುರಾಣಿ, ನೆಲದ ಮೇಲೊಂದು ವೃತ್ತ, ಅದರೊಳಗೆ ಇಬ್ಬರು. ಗೌರಮಣಿ ಇಪ್ಪತ್ತಾರು ವರ್ಷ ಆ ವೃತ್ತದಲ್ಲಿ ಹೊಡೆತ ತಿಂದು ತಿಂದು ತಾನೇ ಉರುಟಾಗಿದ್ದನೇ ಹೊರತು ಒಮ್ಮೆಯೂ ಗೆದ್ದಿರಲಿಲ್ಲ. ಹೋದ ತಿಂಗಳು ತೀರಿಕೊಂಡ ಗುರು, ಓಜಾ ಗುಲಾಪನ ಹಳೆಯ ಗುರಾಣಿ ಇವತ್ತು ಮಧ್ಯಾಹ್ನ ಗೆದ್ದವನಿಗೆ ಸಿಗುವುದಿತ್ತು. ಅದಕ್ಕೆ ಇಷ್ಟು ವರ್ಷ ಎಣ್ಣೆ ತಿಕ್ಕಿದವನು ಗೌರಮಣಿ. ಗುರು ಅವನನ್ನು 'ಮಗಾ' ಎಂದು ಕರೆಯುತ್ತಿದ್ದದ್ದೂ ಆ ಹೊತ್ತಿನಲ್ಲಿ ಮಾತ್ರ. ಕೊನೆಗೆ ಉಳಿದ ಶಿಷ್ಯರು ಇಬ್ಬರೇ, ಇವನು ಮತ್ತು ಜಿತೆನ್. ಮಿಕ್ಕವರನ್ನು ಫುಟ್‌ಬಾಲ್ ಒದ್ದುಕೊಂಡು ಹೋಗಿತ್ತು.

ತಾತ ಸತ್ತರೆ ಕುಲಕ್ಕೆಲ್ಲ ಸೂತಕ. ದೇವರಿಗೆ ಹೂವಿಟ್ಟು ಶುರುಮಾಡುವ ಕಣಕ್ಕೆ ಸೂತಕದವನು ಕಾಲಿಡುವಂತಿಲ್ಲ.

"ತಾತ, ಸಂಜೆವರ್ಗೂ ತಡ್ಕೋ. ಗೆದ್ದು ಗುರಾಣಿ ತಂದು ನಿನ್ ಪಾದಕ್ಕೇ ಇಡ್ತೀನಿ," ಎಂದು ಗೌರಮಣಿ ಗೋಗರೆದ.

ತಾತನ ಒಂದು ಕಣ್ಣು ತೆರೆದು ಮುಚ್ಚಿತು.

ಅಷ್ಟರಲ್ಲಿ ಕೇರಿಯೇ ಒಳಗೆ ನುಗ್ಗಿತು. ಪಕ್ಕದ ಮನೆಯ ತಂಬಾಲಕ್ಕ ತುಳಸಿ ನೀರು ತಂದಿದ್ದಳು.

"ಅಯ್ಯೋ, ಅದು ಕೊನೇಲಿ ಬಿಡೋದು ಅಕ್ಕಾ!"

"ಅದಕ್ಕೇ ತಂದಿದ್ದು ಕಣೋ!"

ಜಿತೆನ್ ಕೂಡ ಬಂದ. "ಪಾಪ, ಯಾಕೆ ಜೀವ ಹಿಡ್ಕೊಂಡಿದೀರಾ ಅಜ್ಜಾ? ನೆಮ್ಮದಿಯಾಗಿ ಹೊರಡಿ," ಎಂದು ತಾತನ ಕೈ ಸವರಿದ. ಕಣ್ಣಲ್ಲಿ ನಿಜವಾದ ನೀರಿತ್ತು. ಗೌರಮಣಿ ಅವನನ್ನು ಹೊಸಿಲಾಚೆ ತಳ್ಳಿ, ಹೆಂಡತಿ ಇಬೆತೊಂಬಿಯನ್ನು ಕಾವಲಿಗೆ ಕೂರಿಸಿ ಕಣಕ್ಕೆ ಓಡಿದ.

ಆಟ ಶುರುವಾಗಿ ಎರಡು ಹೊಡೆತ ತಿಂದಿದ್ದ, ಅಷ್ಟರಲ್ಲಿ ದೂರದಲ್ಲಿ ತಂಬಾಲಕ್ಕ ಕೂಗುತ್ತಾ ಓಡಿಬರುವುದು ಕಂಡಿತು. "ಗೌರಮಣೀ! ತಾತಾ...!"

"ಹೇಳ್ಬೇಡ! ಬಾಯಿ ಮುಚ್ಚು!" ಎಂದು ಗೌರಮಣಿ ಕಿರುಚಿದ. ಸುದ್ದಿ ಕಿವಿಗೆ ಬೀಳುವ ಮೊದಲು ಆಟ ಮುಗಿಸಬೇಕು. ಕಣ್ಣು ಮುಚ್ಚಿ ಕಣಜ ಕಚ್ಚಿದವನಂತೆ ಕೋಲು ಬೀಸಿದ. ಭುಜ, ತೊಡೆ, ಪಕ್ಕೆ. ಲೆಕ್ಕ ಹಾಕುವವರಿಗೇ ಲೆಕ್ಕ ತಪ್ಪಿತು. ಜಿತೆನ್ ಗೆರೆಯಾಚೆ ಬಿದ್ದಿದ್ದ.

ಇಪ್ಪತ್ತಾರು ವರ್ಷದ ಮೇಲೆ ಮೊದಲ ಗೆಲುವು. ಗುರಾಣಿ ಕೈಗೆ ಬಂದ ಮೇಲೆ ಗೌರಮಣಿ ಅಳುತ್ತಾ ಕೇಳಿದ, "ಈಗ ಹೇಳಕ್ಕಾ. ಯಾವಾಗ ಹೋದ್ರು?"

"ಎಲ್ಲಿಗೋ ಹೋಗೋದು? ಎದ್ದು ಕೂತಿದೆ ಮುದುಕ! ಎರೊಂಬಾ ಬೇಕಂತೆ, ಒಣಮೀನು ಜಾಸ್ತಿ ಹಾಕ್ಬೇಕಂತೆ!"

ಮನೆಗೆ ಓಡಿ ಬಂದರೆ ತಾತ ಗೋಡೆಗೊರಗಿ ಕೂತಿದ್ದ, ಸುತ್ತ ಕೇರಿಯ ಜನ. ಗೌರಮಣಿ ಮಾತಿನಂತೆ ಗುರಾಣಿಯನ್ನು ಪಾದದ ಬಳಿ ಇಟ್ಟ. ತಾತ ಅದನ್ನು ಎಳೆದುಕೊಂಡು ಎದೆಗೊತ್ತಿಕೊಂಡ.

"ಇದಕ್ಕೋಸ್ಕರಾನೇ ಜೀವ ಹಿಡ್ಕೊಂಡಿದ್ದೆ. ನಾನು ಹೋದಾಗ ಇದನ್ನ ಎದೆ ಮೇಲಿಟ್ಟೇ ಸುಡ್ಬೇಕು. ಎಲ್ರೂ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ವಿ," ಎಂದಿತು ಕೇರಿ ಒಕ್ಕೊರಲಿನಿಂದ. ಎಲ್ಲರಿಗಿಂತ ಗಟ್ಟಿ ದನಿ ಜಿತೆನ್‌ನದು.

ಸಂಜೆವರೆಗೆ ಸಾಯಬೇಡ ಎಂದು ಬೇಡಿಕೊಂಡ ಗೌರಮಣಿ ಇನ್ನು ದಿನಾ ಬೇಡಬೇಕು.

ತಾತ ಗುರಾಣಿಯ ಮೇಲೆ ಬೆರಳಾಡಿಸಿ ಮುಖ ಸಿಂಡರಿಸಿದ.

"ತೊಗಲು ಒಣಗಿದೆ. ಎಣ್ಣೆ ತಿಕ್ಕು ಮಗಾ."