ಕುಚ್ಚಲಕ್ಕಿ ಬೇಯುವುದರೊಳಗೆ ಏಳರ ಮಗ್ಗಿ

ಅವಸರ ಮಾಡುವುದೇ ನನ್ನ ಕಸುಬು. ಪಾಣೆಮಂಗಳೂರಿನಲ್ಲಿ ಕುಳಿತು ಪತ್ರಿಕೆಗೆ ಸುದ್ದಿ ಬರೆಯುವವನು ನಾನು. ಸಂಜೆಯ ಮಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಸೇರದಿದ್ದರೆ ಆ ದಿನ ನಮ್ಮ ಬಂಟ್ವಾಳ ತಾಲೂಕಿನಲ್ಲಿ ಏನೂ ನಡೆದಿಲ್ಲವೆಂದೇ ಲೆಕ್ಕ. ಹಾಗಾಗಿ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದನ್ನು ಯಾರಿಗೆ ಬೇಕಾದರೂ ಕಲಿಸಬಲ್ಲೆ ಎಂದು ನಂಬಿದ್ದೆ. ನಾಲ್ಕನೇ ತರಗತಿಯ ಮಗಳು ನಿಶ್ಮಿತಾ ಆ ನಂಬಿಕೆಯನ್ನು ಒಂದೇ ವಾರದಲ್ಲಿ ಕೆಡವಿದಳು.

ಅವಳ ಶಾಲೆಯಲ್ಲಿ ಹೊಸ ಆಟವೊಂದು ಶುರುವಾಗಿತ್ತು. ಟೀಚರ್ ಚೀಟಿ ಎತ್ತಿ 'ಏಳೆಂಟ್ಲಿ?' ಎಂದರೆ ಅವರ ಸ್ಟಾಪ್‌ವಾಚ್ ನಿಲ್ಲುವ ಮೊದಲು ಉತ್ತರ ಬರಬೇಕು. ಗೆದ್ದವರಿಗೆ ಮೂಡುಬಿದಿರೆಯ ಸ್ಪರ್ಧೆ. ಗೆಳತಿ ಸಫಿಯಾ ಆಗಲೇ ಆಯ್ಕೆಯಾಗಿದ್ದಳು. ಇನ್ನೊಂದೇ ಜಾಗ ಉಳಿದಿತ್ತು. ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಸಫಿಯಾಳ ಪಕ್ಕದ ಸೀಟು ಬೇರೆ ಯಾರದೋ ಪಾಲಾದರೆ ಎಂಬುದೇ ಮಗಳ ಸಂಕಟ.

ನಾನೂ ಮಗ್ಗಿಯ ಚೀಟಿಗಳ ಒಂದು ಕಟ್ಟು ಮಾಡಿ, ವಾಚು ಬಿಚ್ಚಿಟ್ಟು ಎದುರು ಕುಳಿತೆ. ದಿನಾ ಸಂಜೆ ಭಜನೆ ಮುಗಿಸಿ ಅದೇ ರಾಗದಲ್ಲಿ ಮಗ್ಗಿಯನ್ನೂ ಒಪ್ಪಿಸುವ ಹುಡುಗಿ, ನಾನು 'ರೆಡಿ' ಎಂದದ್ದೇ ಕಲ್ಲಾಗುತ್ತಿದ್ದಳು. ಏಳೆಂಟ್ಲಿ ಕೇಳಿದರೆ ಏಳೊಂದ್ಲಿ ಏಳರಿಂದ ಹೊರಡುತ್ತಿದ್ದಳು.

"ನಡುವಿಂದ ಹೇಳು!"

"ನಡುವಿಂದ ಹೇಗೆ ಅಪ್ಪಾ? ಭಜನೆ ಯಾರಾದ್ರೂ ನಡುವಿಂದ ಶುರು ಮಾಡ್ತಾರಾ?"

ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಮಗ್ಗಿ ಕೇಳುದಾ, ಪೊಲೀಸ್ ವಿಚಾರಣೆಯಾ ಮಾರಾಯ್ರೆ? ಆ ವಾಚು ಒಳಗಿಡಿ. ಅನ್ನಕ್ಕೆ ಇಟ್ಟಿದ್ದೇನೆ, ಕುಕ್ಕರ್ ಇಳಿಸುವುದರೊಳಗೆ ಎಷ್ಟು ಚೀಟಿ ಆಗ್ತದೆ ನೋಡುವ."

ಆಶ್ಚರ್ಯವೆಂದರೆ, ಚೀಟಿಗಳ ಕಟ್ಟು ಪೂರಾ ಮುಗಿಯಿತು! ಮರುದಿನವೂ ಮುಗಿಯಿತು. ಕೀರ್ತಿಯನ್ನು ನಾನೇ ಇಟ್ಟುಕೊಂಡೆ.

ಭಾನುವಾರ ನರಿಕೊಂಬಿನಿಂದ ಹೆಂಡತಿಯ ತಮ್ಮ ಬಂದ. ಅವನೆದುರು ಮಗಳ ವೇಗ ತೋರಿಸುವ ಚಪಲ ನನಗೆ. ಆದರೆ ಅರ್ಧದಷ್ಟು ಚೀಟಿಗಳೂ ಆಗಿರಲಿಲ್ಲ, ಕುಕ್ಕರ್ ಕೆಳಗಿಳಿಯಿತು. ಮಗಳು ಅಡುಗೆಮನೆಗೆ ಓಡಿ ಇಣುಕಿದವಳೇ ಕೂಗಿದಳು: "ಮೋಸ! ಇದು ಬೆಳ್ತಿಗೆ ಅಕ್ಕಿ!"

ನೆಂಟರು ಬಂದರೆಂದು ಹೆಂಡತಿ ಬಿಳಿ ಅನ್ನ ಮಾಡಿದ್ದಳು. ನಮ್ಮ ಅಭ್ಯಾಸವೆಲ್ಲ ನಿಧಾನ ಬೇಯುವ ಕುಚ್ಚಲಕ್ಕಿಯ ಮೇಲೆ ನಡೆದಿತ್ತು! ನನಗೆ ಮೈ ಉರಿಯಿತು. "ಟೀಚರ್ ಕೈಯಲ್ಲಿ ಕುಚ್ಚಲಕ್ಕಿ ಇರುವುದಿಲ್ಲ, ಗೊತ್ತಾಯ್ತಾ? ಬಸ್ಸು ಯಾರಿಗೂ ಕಾಯುವುದಿಲ್ಲ!"

ಹೆಂಡತಿಯ ತಮ್ಮ ನನ್ನ ವಾಚು ಎತ್ತಿಕೊಂಡ. "ಹಾಗಾದ್ರೆ ನೀವೇ ಹೇಳಿ ಭಾವ. ಏಳೆಂಟ್ಲಿ? ಬೇಗ, ಬಸ್ಸು ಹೊರಟಿತು!"

ಮೂರೂ ಜನ ನನ್ನ ಮುಖವನ್ನೇ ನೋಡಿದರು. ತುಟಿ ತನ್ನಷ್ಟಕ್ಕೆ ಅಲುಗಿತು: ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು...

"ಅಪ್ಪನೂ ಭಜನೆ ಮೊದಲಿಂದ ಶುರು ಮಾಡಿದ್ರು!" ಮಗಳು ಚಪ್ಪಾಳೆ ತಟ್ಟಿದಳು.

ಮುಂದಿನ ವಾರ ಅವಳು ಆಯ್ಕೆಯಾದಳು. ಟೀಚರ್ ಕೈಯಲ್ಲೂ ವಾಚು ಇತ್ತಲ್ಲ, ಹೆದರಲಿಲ್ಲವೇ ಎಂದು ಕೇಳಿದೆ.

"ಟೀಚರ್ ವಾಚು ನೋಡ್ತಾರೆ. ನೀವು ನನ್ನ ಮುಖ ನೋಡ್ತೀರಿ."

ಸ್ಪರ್ಧೆಗೆ ಅಮ್ಮನನ್ನು ಕರೆದಳು. ನನಗೆ ಷರತ್ತು: "ಪೇಪರಿಗೆ ಬರೀಲಿಕ್ಕೆ ಉಂಟಾದ್ರೆ ಬನ್ನಿ. ಹಿಂದೆ ಕೂತ್ಕೊಳ್ಳಿ."

ಪತ್ರಕರ್ತರಿಗೆಂದು ಮೀಸಲಿಟ್ಟ ಮುಂದಿನ ಸಾಲಿನ ಕುರ್ಚಿಯನ್ನು ಯಾವ ಸಭೆಯಲ್ಲೂ ಬಿಟ್ಟುಕೊಟ್ಟವನಲ್ಲ ನಾನು. ಆ ದಿನ ಮೂಡುಬಿದಿರೆಯ ಸಭಾಂಗಣದ ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ ಕುಳಿತೆ. ಅಲ್ಲಿಂದ ಮಗಳು ಕಾಣುತ್ತಿರಲಿಲ್ಲ, ದನಿಯಷ್ಟೇ ಕೇಳುತ್ತಿತ್ತು. ಅವಳ ಸರದಿಗೆ ಚೀಟಿ ಎತ್ತಿದವರು 'ಏಳೆಂಟ್ಲಿ?' ಎಂದರು. ನಾನು ಏಳ್ಮೂರ್ಲಿ ತಲುಪುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು.