ಮೂವತ್ತಾರನೆಯ ಫೋಟೋ

ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು. ಎಲ್ಲ ರಗಳೆಗೂ ಅದೇ ಮೂಲ. ಮೂವತ್ತೈದಕ್ಕೇ ರೀಲು ಮುಗಿದಿದ್ದರೆ ಜಯತೀರ್ಥ ಇವತ್ತು ಸಂಜೆ ಕುಷಾಯಿಗೂಡದ ಕನ್ನಡ ಭಜನಾ ಮಂಡಳಿಯವರಿಂದ ಶಾಲು ಹೊದಿಸಿಕೊಂಡು, ಪೇಢೆ ತಿಂದು, ನಗುನಗುತ್ತ ಮನೆಗೆ ಬರುತ್ತಿದ್ದ.

ಶಾಲು ಯಾತಕ್ಕೆಂದರೆ, ಅವನು ವರ್ಷದ ಇಪ್ಪತ್ತನಾಲ್ಕು ಏಕಾದಶಿಗಳಲ್ಲಿ ಒಂದನ್ನೂ ಬಿಡದೆ ಉಪವಾಸ ಮಾಡಿದ್ದಾನೆ ಎಂದು. ಹಾಗೆಂದು ಊರಿಗೆಲ್ಲ ಹೇಳಿದವಳು ಅವನ ತಾಯಿ ತುಳಸಾಬಾಯಿ. ಎಂಬತ್ತು ದಾಟಿದ ಆಕೆ ಏಕಾದಶಿಯ ದಿನ ಗುಟುಕು ನೀರನ್ನೂ ಮುಟ್ಟುವವಳಲ್ಲ. "ನನ್ನ ಮಗ ನನ್ಹಂಗ ಇದ್ದಾನ್ರಿ. ಕಾರ್ಖಾನ್ಯಾಗ ದಿನಾ ಪೂರ್ತಿ ನಿಂತು ದುಡದ್ರೂ ಒಂದ್ ಹನಿ ಚಾ ಕುಡ್ಯಂಗಿಲ್ಲ" ಎಂದು ಆಕೆ ಮಂಡಳಿಯ ಹೆಂಗಸರ ಮುಂದೆ ಹೇಳುವಾಗ ಮುಖ ಅರಳುತ್ತಿತ್ತು. ಅಪ್ಪ ಹೋದ ಮೇಲೆ ಅವ್ವನ ಮುಖದಲ್ಲಿ ಅಷ್ಟು ಹಿಗ್ಗನ್ನು ಜಯತೀರ್ಥ ಕಂಡದ್ದು ಇದೇ ಮೊದಲು. ಹೀಗಿರುವಾಗ ಖರೆ ಸಂಗತಿ ಹೇಳುವುದಾದರೂ ಹೇಗೆ?

ಖರೆ ಸಂಗತಿ ಏನಪ್ಪಾ ಅಂದರೆ, ಪ್ರತಿ ಏಕಾದಶಿಗೂ ಮಧ್ಯಾಹ್ನ ಮೂರಕ್ಕೆ ಜಯತೀರ್ಥನ ಕಣ್ಣು ಕತ್ತಲೆಗೂಡುತ್ತಿತ್ತು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವನ ಜೊತೆಗಿದ್ದ ಚಂದ್ರಹಾಸ ಅವನನ್ನು ಕೈಹಿಡಿದು ಪಕ್ಕದ ಇರಾನಿ ಹೋಟೆಲಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಬೀದಿಗೆ ಕಾಣದ ಕತ್ತಲ ಮೂಲೆಯೊಂದಿತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ಗರಿಗರಿಯಾದ ಉಳ್ಳಾಗಡ್ಡಿ ಸಮೋಸಾ ನಾಲ್ಕು, ಮೇಲೊಂದು ಚಹಾ. ಏಕಾದಶಿಗೆ ಊಟ ವರ್ಜ್ಯ, ಉಳ್ಳಾಗಡ್ಡಿಯಂತೂ ಆ ಮನೆಯಲ್ಲಿ ಯಾವತ್ತೂ ವರ್ಜ್ಯ. ನಮ್ಮ ಜಯತೀರ್ಥ ಎರಡನ್ನೂ ಒಂದೇ ತುತ್ತಿನಲ್ಲಿ ಮುಗಿಸುತ್ತಿದ್ದ.

ಈಗ ಕ್ಯಾಮೆರಾದ ವಿಷಯಕ್ಕೆ ಬರೋಣ. ತಿಂಗಳ ಹಿಂದೆ ತುಳಸಾಬಾಯಿಯ ಸಹಸ್ರಚಂದ್ರದರ್ಶನ ಶಾಂತಿ ಆಯಿತು. "ಫೋನಿನ್ಯಾಗಿನ ಫೋಟೋ ಬ್ಯಾಡ, ಬೆರಳು ತಾಕಿದ್ರ ಹೋಗಿಬಿಡ್ತಾವ. ಕೈಯಾಗ ಹಿಡ್ಯೋ ಫೋಟೋ ಬೇಕು" ಎಂದು ಆಕೆ ಹಟ ಹಿಡಿದಳು. ಮೊಮ್ಮಗಳು ಸಂಪದಾ ಕಪಾಟಿನಿಂದ ಅಪ್ಪನ ಹಳೇ ಕ್ಯಾಮೆರಾ ಹೊರಗೆಳೆದಳು. ತೀರಾ ಸಾದಾ ಯಂತ್ರ ಅದು. ಕಿಂಡಿಯಲ್ಲಿ ನೋಡು, ಗುಂಡಿ ಒತ್ತು, ಮುಗಿಯಿತು. ಕತ್ತಲಿದ್ದರೆ ತಾನೇ ಫ್ಲ್ಯಾಶ್ ಹಾಕಿಕೊಳ್ಳುತ್ತದೆ, ರೀಲು ಮುಗಿದರೆ ತಾನೇ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಈಗಿನ ಹುಡುಗರಿಗೆ ಅದೇ ಹೊಸ ಫ್ಯಾಶನ್ನಂತೆ. ಮೂವತ್ತೈದು ಫೋಟೋ ತೆಗೆದದ್ದಾಯಿತು, ಒಂದು ಉಳಿಯಿತು.

ನಿನ್ನೆ ಬೆಳಿಗ್ಗೆ ಸಂಪದಾ ಕ್ಯಾಮೆರಾವನ್ನು ಅಪ್ಪನ ಚೀಲದಲ್ಲಿ ಇಟ್ಟಳು. "ಅಪ್ಪಾ, ಏನರೆ ಛಂದಂದು ಕಂಡ್ರ ಒಂದು ತಗದುಬಿಡು. ರೀಲು ತೊಳಸ್ಲಿಕ್ಕೆ ಕೊಡೂಣು."

ನಿನ್ನೆ ಏಕಾದಶಿ. ಇಪ್ಪತ್ತನಾಲ್ಕನೆಯದು. ಮೂರು ಗಂಟೆಗೆ ಕತ್ತಲ ಮೂಲೆಯಲ್ಲಿ ಕೂತು ಜಯತೀರ್ಥ ಮೂರನೆಯ ಸಮೋಸಾ ಬಾಯಿಗೆ ಒಯ್ಯುತ್ತಿದ್ದ. ಎದುರಿಗೆ ಕೂತ ಚಂದ್ರಹಾಸ ಸುಮ್ಮನಿರಲಾರದೆ ಚೀಲದಿಂದ ಕ್ಯಾಮೆರಾ ತೆಗೆದ.

"ಒಂದs ಉಳದೈತಲ್ಲ? ತಡಿ, ಮುಗಿಸೇಬಿಡ್ತೀನಿ."

ಕ್ಲಿಕ್. ಫಳ್ಳೆಂದು ಕಣ್ಣು ಕುಕ್ಕಿತು. ಹಿಂದೆಯೇ ಕ್ಯಾಮೆರಾ ಗುರ್ರೆಂದು ರೀಲು ಸುತ್ತಿಕೊಳ್ಳಲು ಹತ್ತಿತು.

"ಏನ್ ಮಾಡಿದ್ಯೋ! ಡಿಲೀಟ್ ಮಾಡು, ಡಿಲೀಟ್ ಮಾಡು!"

ಚಂದ್ರಹಾಸ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿದ. "ಎಲ್ಲಿ ಮಾಡ್ಲಿ? ಪರದೇನ ಇಲ್ಲ ಇದಕ್ಕ. ರೀಲು ಹೊರಗೆಳದು ಬಿಸಲಿಗೆ ಹಿಡದ್ರ ಎಲ್ಲಾ ಹೋಕ್ಕಾವ ನೋಡು."

ಎಲ್ಲಾ ಅಂದರೆ ಅವ್ವನ ಮೂವತ್ತೈದೂ ಹೋದ ಹಾಗೆ. ಜಯತೀರ್ಥ ಸುಳ್ಳನಿರಬಹುದು, ಅಂಥ ಪಾಪಿಯಲ್ಲ. ಕ್ಯಾಮೆರಾವನ್ನು ಚೀಲದ ತಳಕ್ಕೆ ತುರುಕಿ, ನಾಳೆ ಏನಾದರೂ ಉಪಾಯ ಮಾಡಿದರಾಯಿತು ಎಂದುಕೊಂಡು ಮನೆಗೆ ಬಂದು ಮಲಗಿದ.

ಇವತ್ತು ಶಾಲಿನ ಸಲುವಾಗಿ ರಜಾ ಹಾಕಿದ್ದ ಜಯತೀರ್ಥ ದ್ವಾದಶಿಯ ಪಾರಣೆ ಮುಗಿಸಿ ಚೀಲ ತಡಕಿದರೆ ಕ್ಯಾಮೆರಾ ಇತ್ತು, ಒಳಗೆ ರೀಲಿರಲಿಲ್ಲ.

"ಸಂಪದಾ ಮುಂಜಾನೆ ಕಾಲೇಜಿಗೆ ಹೋಗೋವಾಗ ಒಯ್ದಾಳ. ಮೆಹದಿಪಟ್ಟಣದಾಗ ಲ್ಯಾಬಿಗೆ ಕೊಟ್ಟು, ಮಧ್ಯಾಹ್ನ ತರ್ತಾಳಂತ" ಎಂದಳು ಹೆಂಡತಿ ದೀಪಾಲಿ, ಹುಳಿಗೆ ಒಗ್ಗರಣೆ ಹಾಕುತ್ತ. "ನೀವ್ಯಾಕ ಹಿಂಗ ಬೆವರ್ಲಿಕತ್ತೀರಿ?"

ಜಯತೀರ್ಥ ಆಗಲೇ ಬಾಗಿಲಲ್ಲಿದ್ದ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದ. ಕೆಳಗಿನ ಮನೆಯ ಬಾಗಿಲಲ್ಲಿ ಭಜನಾ ಮಂಡಳಿಯ ಕಾರ್ಯದರ್ಶಿ ಜನಾರ್ದನರಾಯರು ಪೇಪರು ಹಿಡಿದು ನಿಂತಿದ್ದರು. ಹಿಂದೆ ಕೈಕಟ್ಟಿಕೊಂಡು ಪರರ ಸಂಸಾರ ನೋಡಿಕೊಳ್ಳುವುದೇ ನಿವೃತ್ತಿಯ ನಂತರ ಅವರ ಕೆಲಸವಾಗಿತ್ತು.

"ಎಲ್ಲಿಗ್ರಿ ಇಷ್ಟು ಗಡಬಡಿಯೊಳಗ? ಸಂಜೀಕ ನಾಕು ಮಾತು ಆಡ್ಬೇಕ್ರಿ ನೀವು."

"ಲ್ಯಾಬಿಗೆ ಹೊಂಟೀನ್ರಿ, ಆಮ್ಯಾಲೆ ಸಿಗ್ತೀನಿ" ಎಂದು ಜಯತೀರ್ಥ ಆಟೊ ಹತ್ತಿದ.

ಆ ಒಂದು ಮಾತು ಸಾಕಾಯಿತು. ಬೆಳಿಗ್ಗೆ ಎದ್ದು, ಬೆವರುತ್ತ, ಲ್ಯಾಬಿಗೆ ಓಡುವ ಐವತ್ತು ದಾಟಿದ ಮನುಷ್ಯ ರಕ್ತ ಕೊಡಲಿಕ್ಕಲ್ಲದೆ ಇನ್ಯಾತಕ್ಕೆ ಓಡುತ್ತಾನೆ? ಜಯತೀರ್ಥ ಉಪ್ಪಲ್ಲಿನಲ್ಲಿ ಬಸ್ಸು ಹಿಡಿಯುವಷ್ಟರಲ್ಲಿ, ಉಪವಾಸ ಮಾಡಿ ಮಾಡಿ ಅವನ ಮೈಯಲ್ಲಿ ರಕ್ತವೇ ಇಲ್ಲವಂತೆ ಎಂಬ ಸುದ್ದಿ ಮಂಡಳಿಯ ವಾಟ್ಸಪ್ಪಿನಲ್ಲಿ ಓಡಾಡುತ್ತಿತ್ತು.

ಮೆಹದಿಪಟ್ಟಣದ ಗಲ್ಲಿಯಲ್ಲಿ ಖಲೀಲ್ ಭಾಯಿಯ ಅಂಗಡಿ. ಇಡೀ ಶಹರಿನಲ್ಲಿ ರೀಲು ತೊಳೆಯುವವರು ಈಗ ಮೂರೋ ನಾಲ್ಕೋ ಮಂದಿ, ಅವರಲ್ಲಿ ಈತ ಹಿರಿಯ. ತೊಳೆದ ರೀಲನ್ನು ಆಗಲೇ ಕ್ಲಿಪ್ಪಿಗೆ ಸಿಕ್ಕಿಸಿ ಒಣಹಾಕಿದ್ದ. ಜಯತೀರ್ಥ ಏದುಸಿರು ಬಿಡುತ್ತ, ಕಡೆಯ ಒಂದು ಫೋಟೋ ಮಾತ್ರ ಕತ್ತರಿಸಿ ಕೊಡು ಎಂದು ಹಿಂದಿಯಲ್ಲಿ ಬೇಡಿಕೊಂಡ.

"ಚಿಟ್ಠಿ ಬೇಟಿ ಕೇ ಪಾಸ್ ಹೈ ಸಾಬ್" ಎಂದ ಖಲೀಲ್ ಭಾಯಿ. ಚೀಟಿ ಯಾರ ಹತ್ತಿರವೋ ರೀಲು ಅವರದು.

"ನಾನೇ ಅದರಾಗ ಇದ್ದೀನಪಾ!" ಎಂದು ಗಾಬರಿಯಲ್ಲಿ ಕನ್ನಡವೇ ಹೊರಬಿತ್ತು. ಅಂಗಡಿಯವನು ಕರುಣೆಯಿಂದ ಕಡೆಯ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದ. ಜಯತೀರ್ಥ ನೋಡಿದ. ನೆಗೆಟಿವ್‌ನಲ್ಲಿ ಅವನ ಮುಖ ಇದ್ದಿಲಿನಷ್ಟು ಕಪ್ಪಾಗಿತ್ತು. ಬಾಯಿಯ ಹತ್ತಿರ ಕೈ, ಕೈಯಲ್ಲಿ ಕರೀ ತ್ರಿಕೋನ. ಮುಖಕ್ಕೆ ಮಸಿ ಬಳಿಯುವುದು ಅಂದರೆ ಇದೇ ಅಲ್ಲವೇ ಎಂದುಕೊಂಡ.

ಬೇರೆ ದಾರಿ ಕಾಣದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಉಪವಾಸವಿದ್ದು ಸಮೋಸಾ ತಿನ್ನುವುದೇ ಎಂದು ಖಲೀಲ್ ಭಾಯಿಯ ಹುಬ್ಬು ಮೇಲೇರಿತು.

"ಕ್ಯಾ ಸಾಬ್, ರೋಜಾ ರಖ್ ಕೇ ಸಮೋಸಾ ಖಾಯೇ?"

"ನಾಲ್ಕೇ ನಾಲ್ಕು" ಎಂದು ಜಯತೀರ್ಥ ಬೆರಳು ತೋರಿಸಿದ.

"ಊಪರ್‌ವಾಲಾ ತೋ ಕಲ್ ಹೀ ದೇಖ್ ಲಿಯಾ. ಅಬ್ ಅಮ್ಮಾ ಕೋ ಭೀ ದೇಖ್ ಲೇನೇ ದೇವ್" ಎಂದು ಖಲೀಲ್ ಭಾಯಿ ಕತ್ತರಿಯನ್ನೇ ಗಲ್ಲಾಪೆಟ್ಟಿಗೆಯೊಳಗೆ ಹಾಕಿಬಿಟ್ಟ. ಮೇಲಿನವನು ನಿನ್ನೆಯೇ ನೋಡಿಯಾಗಿದೆ, ಇವತ್ತು ತಾಯಿಯೂ ನೋಡಲಿ ಎಂದರೆ ಯಾರಿಗೆ ತಾನೇ ವಾದ ಮಾಡಲಿಕ್ಕಾಗುತ್ತದೆ?

ಸರಿ, ಮಗಳು ಬರುವ ತನಕ ಬಾಗಿಲಲ್ಲೇ ಕೂಡುವುದು, ಅವಳ ಕೈಯಿಂದ ಲಕೋಟೆ ಕಸಿದುಕೊಳ್ಳುವುದು ಎಂದು ನಿರ್ಧರಿಸಿ ಸ್ಟೂಲಿನ ಮೇಲೆ ಕೂತ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಆಗ ಫೋನು ಬಂತು. ಜನಾರ್ದನರಾಯರು.

"ಏನಂದ್ರು ಲ್ಯಾಬಿನವ್ರು? ರಿಪೋರ್ಟ್ ಬಂತೇನ್ರಿ?"

ಒಳಗೆ ಮಷಿನ್ನಿನ ಸದ್ದು. ಜಯತೀರ್ಥ ಬೀದಿಗೆ ಬಂದು ನಿಂತ. "ಯಾವ ರಿಪೋರ್ಟ್ರಿ? ಬರೇ ನೆಗೆಟಿವ್ ನೋಡೀನಿ ಈಗ."

"ನೆಗೆಟಿವ್! ಗುರುರಾಯರು ದೊಡ್ಡವ್ರ್ರೀ!" ಎಂದು ಅವರು ಅತ್ತ ಕೂಗಿದರು. ಅಲ್ಲಿ ಮಂಡಳಿಯ ಹತ್ತು ಜನ ಸೇರಿದ್ದರೆಂದು ಕಾಣುತ್ತದೆ, ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬರು ಬೀಟ್ರೂಟ್ ತಿನ್ನಲು ಹೇಳಿದರು, ಒಬ್ಬರು ಖರ್ಜೂರ. ಇನ್ನೊಬ್ಬರು ತಮ್ಮ ಭಾವನಿಗೂ ಹೀಗೇ ಆಗಿತ್ತೆಂದು ಶುರುಮಾಡಿ ಭಾವನ ಮೂರು ಆಪರೇಶನ್ನುಗಳನ್ನೂ ಮುಗಿಸಿದರು. "ಅಲ್ರಿ, ನನಗೇನೂ ಆಗಿಲ್ರಿ" ಎಂದು ಅವನೆಂದರೆ, "ಎಂಥಾ ವಿನಯ ನೋಡ್ರಿ" ಎಂದರು.

ಅರ್ಧ ಗಂಟೆಯ ನಂತರ ಬಿಸಿಯಾದ ಕಿವಿ ಉಜ್ಜಿಕೊಳ್ಳುತ್ತ ಒಳಗೆ ಬಂದರೆ ಖಲೀಲ್ ಭಾಯಿ ತಣ್ಣಗೆ ಹೇಳಿದ: "ಬೇಟೀ ಆಕೇ ಲೇಕೇ ಗಯೀ ಸಾಬ್. ಪೀಛೇ ಕೇ ದರ್ವಾಜೇ ಸೇ."

ಮಗಳು ಹಿಂದಿನ ಬಾಗಿಲಿನಿಂದ ಬಂದು ಒಯ್ದಾಗಿತ್ತು. ಗೆಳತಿಯ ಸ್ಕೂಟಿ ಹಿಂದಿನ ಗಲ್ಲಿಯಲ್ಲಿ ನಿಂತಿತ್ತಂತೆ!

ಜಯತೀರ್ಥ ಬಸ್ಸು ಹಿಡಿದ. ಟ್ರಾಫಿಕ್ಕು ಅವತ್ತೇ ಗಂಟು ಬಿದ್ದಿತ್ತು. ಮಗಳಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ಬಸ್ಸು ಉಪ್ಪಲ್ ಮುಟ್ಟುವಾಗ ಅವಳದೇ ಫೋನು ಬಂತು.

"ಅಪ್ಪಾ, ಎಲ್ಲಿದ್ದೀ? ಅಜ್ಜಿ ಫೋಟೋ ಎಲ್ಲಾ ನೋಡಿದ್ಲು. ಆ ಕಡೀ ಫೋಟೋ ಅದ ಅಲ್ಲಾ, ಅದನ್ನ ಕೈಯಾಗ ಹಿಡಕೊಂಡು ಅಳ್ಳಿಕತ್ತಾಳ. ಮನಿ ತುಂಬ ಮಂದಿ ಬಂದಾರ. ನೀ ಲಗೂನ ಬಾ."

ಮುಗಿಯಿತು. ಕೂತಲ್ಲೇ ಅವನಿಗೆ ಅಳು ಬಂತು. ಶಾಲು ಹೋದರೆ ಹಾಳಾಗಿ ಹೋಗಲಿ, ಎಂಬತ್ತು ವರ್ಷದ ಮುದುಕಿಯನ್ನು ಮಂದಿಯೆದುರು ಅಳಿಸಿದೆನಲ್ಲ ಎಂದು ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ಬಂದ. ಇನ್ನು ಸುಳ್ಳು ಸಾಕು. ಹೋದವನೇ ಕಾಲು ಹಿಡಿಯುವುದು, ಎಲ್ಲವನ್ನೂ ಒಪ್ಪಿಕೊಳ್ಳುವುದು. ಇಡೀ ವರ್ಷದಲ್ಲಿ ಅವನು ಮಾಡಿದ ಒಂದೇ ಒಂದು ಖರೆ ಸಂಕಲ್ಪ ಅದು.

ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಜನಾರ್ದನರಾಯರು ಶಾಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದೇವರ ಮನೆಯ ಹೊಸ್ತಿಲಲ್ಲಿ ತುಳಸಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಜಯತೀರ್ಥ ಯಾರನ್ನೂ ನೋಡಲಿಲ್ಲ. ಉದ್ದಕ್ಕೂ ಬಿದ್ದು ಕಾಲು ಹಿಡಿದ.

"ಅವ್ವಾ, ತಪ್ಪಾತು! ನಾ ತಿಂದೀನಿ. ಉಳ್ಳಾಗಡ್ಡಿ ಸಮೋಸಾ ತಿಂದೀನಿ!"

ತುಳಸಾಬಾಯಿಯ ಸೆರಗು ಕಣ್ಣಿನಿಂದ ಕೆಳಗಿಳಿಯಿತು.

"ಏನಂದಿ?" ಎಂದಳು ತುಳಸಾಬಾಯಿ.

"ಇರಾನಿ ಹೋಟೆಲಿನ್ಯಾಗ. ನಿನ್ನೆ ಏಕಾದಶಿ ದಿನಾನs. ನಾಕು."

"ನಿನ್ನೆ ಒಂದs ದಿನ ಏನೋ?"

ಒಮ್ಮೆ ಶುರುವಾದ ಸತ್ಯಕ್ಕೆ ಬ್ರೇಕು ಎಲ್ಲಿರುತ್ತದೆ? "ಎಲ್ಲಾ ಏಕಾದಶಿಗೂ ಅವ್ವಾ. ಬ್ಯಾಸಿಗ್ಯಾಗ ಎರಡು ಸರ್ತೆ ಹೋಟೆಲ್ ಬಂದ್ ಇತ್ತು, ಅವೆರಡು ಮಾತ್ರ ಖರೇನs ಮಾಡೀನಿ."

ದೀಪಾಲಿ ಅಡಿಗೆಮನೆಯ ಬಾಗಿಲಿನಿಂದಲೇ ಹಣೆ ಬಡಿದುಕೊಂಡಳು. "ಅಂಗಿಗೆ ಉಳ್ಳಾಗಡ್ಡಿ ವಾಸನಿ ನನಗ ಬಂದಿದ್ದಿಲ್ಲೇನು? ಅತ್ತಿಯವ್ರಿಗೆ ಸಂಕಟ ಬ್ಯಾಡಂತ ನಾ ವರ್ಷ ಪೂರ್ತಿ ಬಾಯಿ ಮುಚಗೊಂಡೀನಿ. ಇವತ್ತೊಂದಿನ ನಿಮಗ ಮುಚಗೊಳ್ಳಿಕ್ಕೆ ಆಗ್ಲಿಲ್ಲೇನ್ರಿ?"

"ಮುಚ್ಚಿಟ್ಟು ಏನ್ ಮಾಡ್ಲಿ? ಫೋಟೋದಾಗ ಎಲ್ಲಾ ಬಂದದಲ್ಲ!"

ಸಂಪದಾ ಮೆಲ್ಲಗೆ ದೇವರ ಮನೆಯತ್ತ ಕೈ ತೋರಿಸಿದಳು. ಗುರುರಾಯರ ಪಟದ ಪಕ್ಕದಲ್ಲಿ ಒಂದು ಹೊಸ ಫೋಟೋ ನಿಂತಿತ್ತು. ಅದಕ್ಕೆ ಆಗಲೇ ಗಂಧ ಹಚ್ಚಿ, ತುಳಸಿ ಏರಿಸಿದ್ದರು. ಕಗ್ಗತ್ತಲೆ. ಆ ಕತ್ತಲೆಯ ನಡುವೆ ಬೆಳ್ಳಗೆ ಪ್ರಜ್ವಲಿಸುವ ಒಂದು ಮುಖ. ಫ್ಲ್ಯಾಶು ಅಷ್ಟು ಹತ್ತಿರದಿಂದ ಬಡಿದಿದ್ದರಿಂದ ಮೂಗು, ಬಾಯಿ, ಬೆರಳು, ಸಮೋಸಾ ಎಲ್ಲವೂ ಒಂದೇ ಬೆಳಕಾಗಿ ಕರಗಿಹೋಗಿದ್ದವು. ಅರೆಮುಚ್ಚಿದ ಕಣ್ಣು ಮಾತ್ರ ಕಾಣುತ್ತಿತ್ತು.

"ತುಟಿಗೆ ಕೈ ಹಚ್ಚಿ ಜಪಾ ಮಾಡ್ಲಿಕತ್ತಾನ, ಉಪಾಸದ ತೇಜಸ್ಸು ನೋಡ್ರೆವಾ ಅಂತ ಎಲ್ಲಾರಿಗೂ ತೋರ್ಸಿದೆ" ಎಂದಳು ತುಳಸಾಬಾಯಿ ನಿಧಾನವಾಗಿ. "ಸಂತೋಷಕ್ಕ ಅತ್ತೀನೋ, ಹುಚ್ಚಪ್ಪಾ."

ಜಯತೀರ್ಥ ನೆಲದ ಮೇಲೆ ಬಿದ್ದವನು ಏಳುವ ಗೋಜಿಗೇ ಹೋಗಲಿಲ್ಲ. ಜನಾರ್ದನರಾಯರು ಕೆಮ್ಮಿದರು. ಮಡಿಲಲ್ಲಿದ್ದ ಶಾಲನ್ನು ಸದ್ದಿಲ್ಲದೆ ಮಡಚಿ ಚೀಲಕ್ಕೆ ಸೇರಿಸಿದರು. "ಹಂಗಾರ ಫೋಟೋ ತಗದುಬಿಡೂಣೇನ್ರಿ, ತುಳಸಾಬಾಯಾರ?"

"ಯಾಕ ತಗೀಬೇಕು?" ಎಂದಳು ಆಕೆ. ಕಣ್ಣು ಒರೆಸಿಕೊಂಡಾಗಿತ್ತು, ದನಿ ಗಟ್ಟಿಯಾಗಿತ್ತು. "ನೀವೆಲ್ಲಾ ನಮಸ್ಕಾರ ಮಾಡೀರಿ, ಅಲ್ಲೇ ಇರ್ಲಿ. ಇನ್ನ ಮುಂದ ಏಕಾದಶಿಗೆ ಇಂವಾ ಕಾರ್ಖಾನಿಗೆ ರಜಾ ಹಾಕಿ ಅದರ ಮುಂದನs ಕೂಡ್ತಾನ. ನನ್ಹಂಗ ನಿರ್ಜಲ. ಇಪ್ಪತ್ನಾಕು ಆದ ಮ್ಯಾಲೆ ಶಾಲು ತರ್ರಿ."

ಮುಂದಿನ ಏಕಾದಶಿ ಬರಲು ಎಷ್ಟು ದಿನ? ಹದಿನೈದನೆಯ ದಿನ ಜಯತೀರ್ಥ ಮಣೆಯ ಮೇಲೆ ಕೂತಿದ್ದ. ಹಿಂದೆ ಜಪಮಣಿ ಹಿಡಿದ ಅವ್ವ, ಮುಂದೆ ತನ್ನದೇ ತೇಜಸ್ಸು. ಮಧ್ಯಾಹ್ನ ಮೂರಾಯಿತು. ನೋಡುತ್ತ ನೋಡುತ್ತ ಆ ಬಿಳೀ ಬೆಳಕಿನೊಳಗೆ ಅವನೊಬ್ಬನಿಗೆ ಮಾತ್ರ ಒಂದು ಸಣ್ಣ ತ್ರಿಕೋನ ಕಾಣಿಸತೊಡಗಿತು. ಅದರ ಅಂಚು, ಅದರ ಗರಿ, ಒಳಗಿನ ಉಳ್ಳಾಗಡ್ಡಿ, ಎಲ್ಲ ಒಂದೊಂದಾಗಿ ಸ್ಪಷ್ಟವಾದವು. ಬಾಯಿ ತುಂಬ ನೀರೂರಿತು. ನಿರ್ಜಲ ಏಕಾದಶಿಯಲ್ಲಿ ಆ ನೀರನ್ನು ನುಂಗಬಹುದೋ ಇಲ್ಲವೋ ಎಂದು ಅವ್ವನನ್ನು ಕೇಳುವ ಧೈರ್ಯ ಅವನಿಗಾಗಲಿಲ್ಲ.